ಕೇಳಿಸಿಕೊಂಡವನು ತೆತ್ತದ್ದೇನು?

ಸಿನಿಮಾ ಮುಗಿದ ಮೇಲೆ ಹೇಗಿತ್ತು ಎಂದು ಕೇಳಿದರೆ ಕನ್ನಡದವರ ಬಾಯಲ್ಲಿ ಮೊದಲು ಬರುವ ಮಾತು ‘ಪರವಾಗಿಲ್ಲ’. ಚೆನ್ನಾಗಿತ್ತು ಎನ್ನುವುದೂ ಆ ಮಾತಿನೊಳಗೆ ಇರಬಹುದು, ಎದ್ದು ಹೋದರೆ ಸಾಕಾಗಿತ್ತು ಎನ್ನುವುದೂ ಇರಬಹುದು. ಅಮೆರಿಕಕ್ಕೆ ಹೋದ ಕನ್ನಡದವರ ಮನೆಯಲ್ಲೂ ಈ ಮಾತೇ. ಟೆಕ್ಸಾಸಿನಲ್ಲಿ ಡಾಲಸ್‌ನ ಉತ್ತರಕ್ಕಿರುವ ಪ್ರಾಸ್ಪರ್ ಊರಿನಲ್ಲಿ 2010ರ ಜನಗಣತಿಯ ಹೊತ್ತಿಗೆ 9,423 ಜನರಿದ್ದರು. 2020ಕ್ಕೆ ಅದು 30,174 ಆಯಿತು. ಹೀಗೆ ಬೆಳೆದ ಊರಿನ ಹೊಸ ಮನೆಗಳ ಮಹಡಿಯ ಮೇಲೆ ಮೀಡಿಯಾ ರೂಮ್ ಇರುವುದು ಸಾಮಾನ್ಯ. ಆರು ತಿಂಗಳ ಮಟ್ಟಿಗೆ ಊರಿಂದ ಬಂದ ಅತ್ತೆ, ಮಗ, ಸೊಸೆ, ಇಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಒಂದೇ ಸೋಫಾದಲ್ಲಿ ಕೂತು ಒಂದೇ ಚಿತ್ರ ನೋಡುವ ಜಾಗ ಅದು. ನಾಲ್ವರೂ ‘ಪರವಾಗಿಲ್ಲ’ ಎಂದರೆ ಅಲ್ಲಿ ಒಂದು ಅಭಿಪ್ರಾಯ ಸಿಕ್ಕಿತೆಂದು ತಿಳಿಯುವುದು ತಪ್ಪು. ಆ ಚಿತ್ರ ಬೇರೆಯವರ ಮನಸ್ಸನ್ನು ಕದ್ದು ಕೇಳುವ ಪ್ರೇಮ ಹಾಸ್ಯವಾಗಿದ್ದರಂತೂ ಆಡಿದ ಮಾತಿಗೂ ಆಡದ ಮಾತಿಗೂ ನಡುವಿನ ಅಂತರವೇ ಚರ್ಚೆಯ ವಿಷಯವಾಗುತ್ತದೆ.

ಈ ಬಗೆಯ ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ನ್ಯಾನ್ಸಿ ಮೇಯರ್ಸ್ ನಿರ್ದೇಶಿಸಿ 2000ದ ಡಿಸೆಂಬರಿನಲ್ಲಿ ತೆರೆಕಂಡ ‘ವಾಟ್ ವಿಮೆನ್ ವಾಂಟ್’. ಶಿಕಾಗೋದ ಜಾಹೀರಾತು ಕಂಪನಿಯ ನಿಕ್, ಪಾತ್ರಧಾರಿ ಮೆಲ್ ಗಿಬ್ಸನ್, ತಲೆಗೂದಲು ಒಣಗಿಸುವ ಯಂತ್ರದ ಸಮೇತ ಸ್ನಾನದ ತೊಟ್ಟಿಗೆ ಬಿದ್ದು ವಿದ್ಯುತ್ ತಗಲಿಸಿಕೊಳ್ಳುತ್ತಾನೆ. ಅಲ್ಲಿಂದಾಚೆಗೆ ಹೆಂಗಸರ ಮನಸ್ಸಿನ ಮಾತೆಲ್ಲ ಅವನ ಕಿವಿಗೆ ಬೀಳುತ್ತದೆ. ಚಿತ್ರ ಜಗತ್ತಿನಾದ್ಯಂತ ಸುಮಾರು 37 ಕೋಟಿ ಡಾಲರ್ ಗಳಿಸಿತು, ವಿಮರ್ಶಕರು ಮಾತ್ರ ಎರಡು ಪಾಲಾದರು. ಈ ಒಡಕನ್ನು ಅವರವರ ರುಚಿ ಎಂದು ತಳ್ಳಿಹಾಕಲು ನನಗೆ ಮನಸ್ಸಾಗದು. ನೋಡುವವರು ಚಿತ್ರದಲ್ಲಿ ಯಾರ ಜಾಗದಲ್ಲಿ ಕೂತಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಕೇಳುವವನ ಜಾಗದಲ್ಲಿ ಕೂತವರಿಗೆ ಅದು ವರ, ನಗು. ಕೇಳಿಸಿಕೊಳ್ಳಲ್ಪಟ್ಟವಳ ಜಾಗದಲ್ಲಿ ಕೂತವರಿಗೆ ಅದು ಮನೆಗೆ ಕನ್ನ ಹಾಕಿದಂತೆ. ಹಾಗಾಗಿ ಇಂಥ ಚಿತ್ರವನ್ನು ಅಳೆಯಲು ಕೇಳಬೇಕಾದ ಪ್ರಶ್ನೆ ಒಂದೇ: ಕೇಳಿಸಿಕೊಂಡವನು ಅದಕ್ಕೆ ಏನು ತೆತ್ತ?

ನಿಕ್ ಬಹಳ ಹೊತ್ತು ಏನನ್ನೂ ತೆರುವುದಿಲ್ಲ. ಕಾಫಿ ಅಂಗಡಿಯ ಲೋಲಾಳ ಮನಸ್ಸು ಓದಿ ಅವಳನ್ನು ಒಲಿಸಿಕೊಳ್ಳುತ್ತಾನೆ, ಆಮೇಲೆ ಸುಳ್ಳಿನ ಮರೆಯಲ್ಲಿ ಜಾರಿಕೊಳ್ಳುತ್ತಾನೆ. ತನ್ನ ಮೇಲಧಿಕಾರಿ ಡಾರ್ಸಿಯ ತಲೆಯಲ್ಲಿ ಅರಳುತ್ತಿದ್ದ ನೈಕಿ ಜಾಹೀರಾತಿನ ಯೋಚನೆಯನ್ನು ಎತ್ತಿಕೊಂಡು ತನ್ನದೆಂದು ಹೇಳುತ್ತಾನೆ. ಕೊನೆಗೆ ತಪ್ಪೊಪ್ಪಿಕೊಳ್ಳುತ್ತಾನೆ, ಅವಳು ಅವನನ್ನು ಕೆಲಸದಿಂದ ತೆಗೆಯುತ್ತಾಳೆ ನಿಜ. ಆದರೆ ಆ ಶಿಕ್ಷೆಯ ಬೆನ್ನಿಗೇ ಕ್ಷಮೆಯೂ ಬಂದುಬಿಡುತ್ತದೆ. ಇದೇ ಚಿತ್ರದಲ್ಲಿ ಎರಿನ್ ಎಂಬ ಹುಡುಗಿ ಇದ್ದಾಳೆ. ಕಡತಗಳನ್ನು ಹೊತ್ತು ಕಚೇರಿಯಲ್ಲಿ ಓಡಾಡುವ ಅವಳನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ತಾನು ಇಲ್ಲವಾದರೂ ಯಾರಿಗೂ ಗೊತ್ತಾಗದು ಎಂಬ ಅವಳ ಯೋಚನೆ ನಿಕ್ ಒಬ್ಬನಿಗೆ ಕೇಳಿಸುತ್ತದೆ. ಅವಳನ್ನು ಹುಡುಕಿಕೊಂಡು ಮಳೆಯಲ್ಲಿ ಹೊರಟಾಗ ಸಿಡಿಲಬ್ಬರದ ನಡುವೆ ಅವನ ಶಕ್ತಿ ಕಳೆದುಹೋಗುತ್ತದೆ. ಎದುರು ನಿಂತ ಹುಡುಗಿಯ ಮನಸ್ಸಿನಲ್ಲಿ ಏನಿದೆಯೋ ಈಗ ಅವನಿಗೆ ತಿಳಿಯದು. ಬಾಯಿಬಿಟ್ಟು ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಇಡೀ ಚಿತ್ರದಲ್ಲಿ ಅವನು ಮಾಡುವ ಒಂದೇ ಒಂದು ದೊಡ್ಡ ಕೆಲಸ ಈ ಶಕ್ತಿ ಇಲ್ಲದ ಹೊತ್ತಿನದು. ಅರ್ಹತೆಗೆ ತಕ್ಕ ಕೆಲಸ ಸಿಗದ ಎರಿನ್‌ಳನ್ನು ನೋಡುವಾಗ, ಎಂಜಿನಿಯರಿಂಗ್ ಓದಿ ಗಂಡನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿ ಟೆಕ್ಸಾಸಿಗೆ ಬಂದ ಸೊಸೆಯ ಕಣ್ಣು ತೆರೆಗೆ ಅಂಟಿಕೊಂಡರೆ ಆಶ್ಚರ್ಯವಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ಅಂಥವರು ಕೆಲಸಕ್ಕೆ ಅನುಮತಿ ಕೇಳಬಹುದು ಎಂಬ ನಿಯಮ ಬಂದದ್ದೇ 2015ರಲ್ಲಿ. ಪಕ್ಕದಲ್ಲಿ ಕೂತವರು ಲೋಲಾಳ ದೃಶ್ಯಕ್ಕೆ ನಕ್ಕಿರುತ್ತಾರೆ, ಸೊಸೆ ನಕ್ಕಿರುವುದಿಲ್ಲ. ಇಬ್ಬರೂ ನೋಡಿದ್ದು ಬೇರೆ ಬೇರೆ ಚಿತ್ರ.

ಹಾಸ್ಯಚಿತ್ರಕ್ಕೆ ಇಷ್ಟು ಭಾರ ಹೊರಿಸಬೇಕೆ ಎಂದು ಕೇಳುವವರಿದ್ದಾರೆ. ನಾಟಕದಲ್ಲಿ ಸ್ವಗತ ಇಲ್ಲವೇ, ಅಲ್ಲಿಯೂ ಪಾತ್ರದ ಒಳಮಾತನ್ನು ಕೇಳಿ ನಾವು ನಗುವುದಿಲ್ಲವೇ ಎಂಬುದು ಅವರ ವಾದ. ನಗುತ್ತೇವೆ. ಆದರೆ ಸ್ವಗತವನ್ನು ಪಾತ್ರ ನಮ್ಮನ್ನು ನಂಬಿ ಆಡುತ್ತದೆ, ರಂಗದ ಮೇಲಿರುವ ಇನ್ನೊಬ್ಬನಿಗೆ ಅದು ಕೇಳಿಸಬಾರದು ಎಂಬುದು ಆ ನಂಬಿಕೆಯ ಕರಾರು. ಮನಸ್ಸು ಓದುವ ಚಿತ್ರ ಪ್ರೇಕ್ಷಕರ ಆ ಹಕ್ಕನ್ನು ಕಸಿದು, ಆ ಮಾತಿನಿಂದ ಲಾಭ ಪಡೆಯಬಲ್ಲ ಪಾತ್ರದ ಕೈಗೇ ಕೊಡುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 2019ರ ‘ವಾಟ್ ಮೆನ್ ವಾಂಟ್’ ಚಿತ್ರದಲ್ಲಿ ಕ್ರೀಡಾ ಏಜೆಂಟ್ ಆದ ಹೆಣ್ಣೊಬ್ಬಳು ಗಂಡಸರ ಮನಸ್ಸು ಓದುತ್ತಾಳೆ. ಹಾಗಾದರೆ ಲೆಕ್ಕ ಸರಿಹೋಯಿತಲ್ಲ ಎನ್ನುವುದು. ಸರಿಹೋಗಲಿಲ್ಲ ಎನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1999ರ ‘ಉಪೇಂದ್ರ’ ಚಿತ್ರದ ನಾಯಕನ ಹೆಸರು ‘ನಾನು’. ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಮುಖವಾಡವಿಲ್ಲದೆ ಹೊರಗೆ ಹಾಕುವುದೇ ಅವನ ಗುಣ. ಕೆಲವರು ಅದನ್ನು ಪ್ರಾಮಾಣಿಕತೆ ಎಂದು ಕೊಂಡಾಡಿದರು, ಕೆಲವರಿಗೆ ಹೆಣ್ಣನ್ನು ಕುರಿತ ಅವನ ಮಾತು ಅಸಹ್ಯವಾಯಿತು. ಆದರೆ ಇಬ್ಬರಿಗೂ ಕೇಳಿಸುವಂತೆ ಅವನು ಮಾತಾಡಬಲ್ಲವನಾಗಿದ್ದ; ಗಂಡಿನ ಒಳಮಾತು ಕೇಳಲು ಯಾರೂ ವಿದ್ಯುತ್ ತಗಲಿಸಿಕೊಳ್ಳಬೇಕಾಗಿರಲಿಲ್ಲ. ಅದೇ ಹೊತ್ತಿಗೆ ಶಿಕಾಗೋದ ಕಥೆಯಲ್ಲಿ ಹೆಣ್ಣಿನ ಮಾತು ಕೇಳಬೇಕಾದರೆ ಸಾವಿನ ಅಂಚಿಗೆ ಹೋಗಿ ಬರಬೇಕಾಯಿತು. ಒಬ್ಬರ ಮಾತು ಬೀದಿಯಲ್ಲಿದೆ, ಇನ್ನೊಬ್ಬರದು ಗಂಟಲಲ್ಲಿದೆ. ಪಾತ್ರಗಳನ್ನು ಅದಲು ಬದಲು ಮಾಡಿದರೆ ಈ ಅಂತರ ಅಳಿಯುವುದಿಲ್ಲ.

ಕೇಳುವವನು ತೆರಬೇಕಾದ ಬೆಲೆಯ ಪ್ರಶ್ನೆ ಸಿನಿಮಾಕ್ಕಿಂತ ಹಳೆಯದು. ಕನ್ನಡ ಕಾವ್ಯದ ಆದಿಯಲ್ಲಿ ನಿಂತ ಜೈನ ಪರಂಪರೆ ಪರರ ಮನಸ್ಸನ್ನು ಅರಿಯುವುದನ್ನು ಮನಃಪರ್ಯಯ ಜ್ಞಾನ ಎಂದು ಕರೆದು, ಐದು ಬಗೆಯ ಜ್ಞಾನಗಳಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನ ಕೊಟ್ಟಿದೆ. ಅದು ದಕ್ಕುವುದು ಎಲ್ಲವನ್ನೂ ಬಿಟ್ಟು ಸಂಯಮ ಹಿಡಿದ ಮುನಿಗಷ್ಟೇ. ಕೇಳಿದ್ದರಿಂದ ಏನನ್ನೂ ಗಳಿಸಿಕೊಳ್ಳಲು ಇಷ್ಟವಿಲ್ಲದವನಿಗೆ ಮಾತ್ರ ಕೇಳುವ ಅಧಿಕಾರ. ಬೆಲೆಯನ್ನು ಅಲ್ಲಿ ಮುಂಗಡವಾಗಿಯೇ ತೆರಬೇಕು.

ಮುಂಗಡ ತೆರದೆ ಕೇಳಿಸಿಕೊಂಡವನ ಕಥೆಯೂ ಒಂದಿದೆ; ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕಕ್ಕೆ ಬಳಸಿಕೊಂಡ ಕನ್ನಡದ ಜನಪದ ಕಥೆ ಅದು. ಗೃಹಿಣಿಯೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಹೊರಬಿದ್ದು, ಕಥೆ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿಯಾಯಿತು, ಹಾಡು ಗೂಟದ ಮೇಲೆ ಗಂಡಸಿನ ಕೋಟಾಯಿತು. ಮನೆಗೆ ಬಂದ ಗಂಡ ಇವು ಯಾರವು ಎಂದು ಕೇಳಿದ. ಅವಳು ಗೊತ್ತಿಲ್ಲ ಎಂದಳು; ಅದು ನಿಜವೂ ಆಗಿತ್ತು. ಜಗಳವಾಡಿ ಕಂಬಳಿ ಎತ್ತಿಕೊಂಡು ಅವನು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳ ಕುಡಿಗಳೆಲ್ಲ ರಾತ್ರಿ ಅಲ್ಲಿ ಸೇರಿ ಮಾತಾಡುತ್ತಿದ್ದವು. ತನ್ನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳಿದ್ದು ಅವನ ಕಿವಿಗೆ ಬಿತ್ತು, ಅನುಮಾನ ತೀರಿತು. ಬೆಳಗ್ಗೆ ಮನೆಗೆ ಬಂದು ಆ ಕಥೆ ಹೇಳು, ಆ ಹಾಡು ಹೇಳು ಎಂದು ಅವಳನ್ನು ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು.