ಬೆರೆಯುವುದು ಯಾರ ಪಾಲಿನ ಕೆಲಸ?

ಕಲಾದಗಿಯಿಂದ ಇಳಕಲ್ಲಿನವರೆಗೆ, ಹೆಣ್ಣು ನೋಡಲು ಬಂದವರು ಕೇಳುವ ಒಂದು ಮಾತು ಇನ್ನೂ ಬದಲಾಗಿಲ್ಲ: ‘ಹುಡುಗಿ ಎಲ್ಲಾರ ಜೋಡಿ ಹೊಂದಿಕೊಂಡು ಹೋಗತಾಳೇನ್ರಿ?’ ವರನ ವಿಷಯದಲ್ಲಿ ಇದನ್ನು ಯಾರಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಬಂದವರಿಗೆಲ್ಲ ಚಹಾ ಕೊಟ್ಟು, ತನ್ನ ಮಾತು ನುಂಗಿಕೊಂಡವಳು ಮಂದಿಯನ್ನು ಹಚ್ಚಿಕೊಳ್ಳುವ ಹುಡುಗಿ. ಅವಳೇ ಬಾಗಿಲಲ್ಲಿ ನಿಂತು ನೆರೆಯವಳೊಡನೆ ಅರ್ಧ ತಾಸು ಮಾತನಾಡಿದರೆ ಹರಟೆಮಲ್ಲಿ. ಗಂಡಸರು ಕಟ್ಟೆಯ ಮೇಲೆ ಮೂರು ತಾಸು ಕುಳಿತರೆ ಮಾತ್ರ ಅದು ಊರ ವಿಚಾರ!

ಬೆರೆಯುವುದು ಹೆಣ್ಣಿನ ಹುಟ್ಟುಗುಣವಲ್ಲ. ಅದು ಹುಟ್ಟಿದ್ದು ಮುಯ್ಯಾಳಿನಲ್ಲಿ. ಇಂದು ನಿನ್ನ ಹೊಲದ ಕಳೆ ನಾನು ತೆಗೆದರೆ ನಾಳೆ ನನ್ನ ಹೊಲಕ್ಕೆ ನೀನು. ಶಾವಿಗೆ, ಹಪ್ಪಳ, ಮದುವೆಮನೆಯ ರೊಟ್ಟಿ ಎಲ್ಲವೂ ಹೀಗೇ ನಡೆದವು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಎರಡೂ ಕಡೆಯ ಎಳೆ ಬಾಗಿದರೆ ತಾನೇ ಕೊಂಡಿ? ಒಂದೇ ಕಡೆಯವರು ಬಾಗುತ್ತಿದ್ದರೆ ಅದು ಸ್ನೇಹವಲ್ಲ, ಚಾಕರಿ.

ಹನ್ನೆರಡನೆಯ ಶತಮಾನದಲ್ಲೇ ಕಲ್ಯಾಣದ ಶರಣರ ನಡುವೆ ಹೆಂಗಸರು ಸರಿಸಮ ಮಾತನಾಡಿದರು. ಗಂಡ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದು ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಇಂದಿನ ಭಾಷೆಯಲ್ಲಿ ಅವಳು ಹೊಂದಿಕೊಳ್ಳದ ಹೆಂಡತಿ! ಅವಳ ವಚನ ಓದಿ ಹೆಮ್ಮೆಪಡುತ್ತೇವೆ, ಬಸವಣ್ಣನವರು ಐಕ್ಯರಾದ ಕೂಡಲಸಂಗಮಕ್ಕೆ ಹೋಗಿ ಕೈ ಮುಗಿಯುತ್ತೇವೆ, ಮನೆಗೆ ಬಂದು ಸೊಸೆಯ ಬಾಯಿ ಮುಚ್ಚಿಸುತ್ತೇವೆ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಜನ ನವನಗರದ ಸೆಕ್ಟರುಗಳಿಗೆ ಬಂದರು. ಮನೆಗೆ, ಜಾಗಕ್ಕೆ ಪರಿಹಾರದ ಲೆಕ್ಕವಾಯಿತು. ಓಣಿಯ ಹೆಂಗಸರು ಸಂಜೆ ಕೂಡುತ್ತಿದ್ದ ಕಟ್ಟೆಗೆ ಯಾರು ಬೆಲೆ ಕಟ್ಟಿದರು? ಗಂಡಸರು ಹೊಸ ಊರಿನಲ್ಲೂ ಚಹಾದಂಗಡಿ ಹುಡುಕಿಕೊಂಡರು. ಕಂಪೌಂಡಿನೊಳಗೆ ಉಳಿದವಳಿಗೆ ಟೀವಿ, ಈಗ ಮೊಬೈಲು. ಆಮೇಲೆ ನಾವೇ ಅನ್ನುತ್ತೇವೆ, ‘ಈಗಿನ ಹುಡುಗ್ಯಾರು ಯಾರ ಜೋಡೀನೂ ಬೆರೆಯೂದಿಲ್ಲ’ ಎಂದು. ಎಲ್ಲಿ ಬೆರೆಯಬೇಕು ಅವರು?

ಅತ್ತೆಯಂದಿರೇ, ಇದನ್ನು ಗಂಡಸರು ಸರಿಪಡಿಸುತ್ತಾರೆಂದು ಕಾಯಬೇಡಿ. ಸೊಸೆ ಸಂಜೆ ಒಂದು ತಾಸು ಗೆಳತಿಯರೊಡನೆ ಹೊರಗೆ ಕೂತಿರಲಿ. ಒಲೆಯ ಮೇಲಿನ ಸಾರು ಉಕ್ಕದಂತೆ ನೋಡಿಕೊಳ್ಳಲು ನಿಮ್ಮ ಮಗನಿಗೆ ಹೇಳಿರಿ.