ಸೋನೆ ಮಳೇಲಿ ಸ್ಕೋಪ್ ಹಿಡಿದು ಹಂದಿ ಕಾಯೋರಿಗೆ

ಈ ಸಲವೂ ರಾಗಿ ತೆನೆ ಬಲಿಯೋ ಹೊತ್ತಿಗೆ ಸರಿಯಾಗಿ ಸೋನೆ ಹಿಡೀತು. ರಾಮೋಹಳ್ಳಿಯಿಂದ ತಾವರೆಕೆರೆ ಕಡೆಗೆ ಹೊಲ ಇರೋ ನಿಮಗೆಲ್ಲ ನಾನೇನೂ ಹೇಳಬೇಕಾಗಿಲ್ಲ, ಹಂದಿ ಬರೋದು ಇಂಥ ರಾತ್ರೀಲೇ. ಮಳೆ ಸದ್ದಲ್ಲಿ ನಾಯಿಗೆ ಗೊತ್ತಾಗಲ್ಲ, ನಾವು ಕಂಬಳಿ ಬಿಟ್ಟು ಏಳಲ್ಲ. ಬೆಳಗ್ಗೆ ಹೋಗಿ ನೋಡಿದ್ರೆ ಹತ್ತು ಗುಂಟೆ ನೇಗಿಲು ಹೊಡೆದಂಗೆ ಆಗಿರುತ್ತೆ. ಮೆಟ್ರೊ ಚಲ್ಲಘಟ್ಟದವರೆಗೂ ಬಂತು, ಹಂದಿ ಮಾತ್ರ ಎಲ್ಲೂ ಹೋಗಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ನಮ್ಮೂರಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೋವಿ ಇಟ್ಕೊಂಡಿರೋ ಒಬ್ಬರು ಹೋದ ವಾರ ನನ್ನ ಕೇಳಿದ್ರು, "ಅಣ್ಣ, ಕೋವಿಗೆ ಒಂದು ಸ್ಕೋಪ್ ಕೂರಿಸಿಬಿಟ್ರೆ ಮಳೇಲೂ ಕತ್ತಲಲ್ಲೂ ಕಾಣುತ್ತಂತಲ್ಲ?" ನಾನು ಬೇಡ ಅಂದೆ. ಯಾಕೆ ಅಂತ ಅವತ್ತು ಸರಿಯಾಗಿ ಹೇಳೋಕಾಗಲಿಲ್ಲ, ಅದಕ್ಕೇ ಇಲ್ಲಿ ಬರೀತಾ ಇದೀನಿ.

ನಮ್ಮ ಅಕ್ಕನ ಮಗ ಕಾಲೇಜು ಹುಡುಗ. ಆನ್‌ಲೈನಲ್ಲಿ ಒಂದು ಸ್ಕೋಪ್ ತರಿಸಿದ್ದ. ಕೋವಿ ಇಲ್ಲ, ಏನಿಲ್ಲ, ಬರೀ ಸ್ಕೋಪು, ನೋಡೋಕೆ. ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡುತ್ತೆ, ಮುಂದಿನ ಗಾಜು 40 ಮಿ.ಮೀ. ಸೋನೆ ಬೀಳ್ತಾ ಇದ್ದ ರಾತ್ರಿ ಇಬ್ಬರೂ ಅಟ್ಟಣೆ ಮೇಲೆ ಕೂತಿದ್ವಿ. ಬೆಂಗಳೂರಿನ ಬೆಳಕು ಮೋಡಕ್ಕೆ ಬಡಿದು ನಮ್ಮ ಕಡೆ ಆಕಾಶ ಪೂರ್ತಿ ಕಪ್ಪಾಗಲ್ಲ, ಒಂಥರಾ ಬೂದಿ ಬಣ್ಣ ಇರುತ್ತೆ. ಆ ಬೆಳಕಲ್ಲಿ ಎಂಬತ್ತು ಮೀಟರ್ ಆಚೆ ಬದುವಿನ ಹತ್ರ ಏನೋ ಅಲ್ಲಾಡ್ತು. ಹುಡುಗ ಸ್ಕೋಪ್ ಒಂಬತ್ತಕ್ಕೆ ತಿರುಗಿಸಿ ನೋಡಿ, "ಮಾವ, ಒಂಟಿ ಹಂದಿ, ದೊಡ್ಡದು" ಅಂದ. ನಾನೂ ಇಸ್ಕೊಂಡು ನೋಡಿದೆ. ಕಪ್ಪಗೆ ಗೂನು ಬೆನ್ನು, ತಲೆ ತಗ್ಗಿಸಿದೆ, ಎರಡು ಹೆಜ್ಜೆ ಹೋಗುತ್ತೆ, ನಿಲ್ಲುತ್ತೆ, ಮತ್ತೆ ಕೆದಕುತ್ತೆ. ನಲವತ್ತು ವರ್ಷದಿಂದ ಹೊಲ ಕಾಯ್ತಿರೋ ನಾನೂ ಹಂದೀನೇ ಅಂದೆ.

ಆಮೇಲೆ ಆ ಹಂದಿ ಎದ್ದು ನಿಂತು ಬೀಡಿ ಹಚ್ಚಿತು.

ಮೇಲ್ಹೊಲದ ದೊಡ್ಡಪ್ಪ. ತಲೆ ಮೇಲೆ ಗೋಣಿಚೀಲದ ಕೊಪ್ಪೆ, ಕೈಲಿ ಗುದ್ದಲಿ. ರಾಗೀಲಿ ನೀರು ನಿಲ್ಲುತ್ತೆ ಅಂತ ಬದು ಒಡೆದು ನೀರು ಬಿಡೋಕೆ ಬಂದಿದ್ದಾರೆ. ಬೆಂಕಿಕಡ್ಡಿ ಬೆಳಕಲ್ಲಿ ಮುಖ ಕಂಡಾಗ ನನ್ನ ಕೈ ನಡುಗಿದ್ದು ಚಳಿಗಲ್ಲ. ಅವರಿಗೆ ಇವತ್ತಿನವರೆಗೂ ಹೇಳಿಲ್ಲ. ಮೊಮ್ಮಗ ಇದನ್ನ ಓದಿ ಹೇಳಿದ್ರೆ ನಾಲ್ಕು ಮಾತು ಬೈಸ್ಕೊಳ್ತೀನಿ, ಪರವಾಗಿಲ್ಲ.

ಸ್ಕೋಪ್ ಬೆಳಕು ಹುಟ್ಟಿಸಲ್ಲ ಕಣ್ರಪ್ಪ. ಗಾಜಿನೊಳಕ್ಕೆ ಬಂದ ಬೆಳಕನ್ನೇ ಕಣ್ಣಿಗೆ ಕೊಡುತ್ತೆ. ಲೆಕ್ಕ ಸುಲಭ: ಮುಂದಿನ ಗಾಜಿನ ಅಗಲವನ್ನ ಎಷ್ಟು ಪಟ್ಟು ಇಟ್ಟಿದೀವೋ ಅದರಿಂದ ಭಾಗಿಸಿ. 40 ಮಿ.ಮೀ. ಗಾಜು, 4 ಪಟ್ಟು ಅಂದ್ರೆ ಕಣ್ಣಿಗೆ ಬರೋ ಬೆಳಕಿನ ಬಿಲ್ಲೆ 10 ಮಿ.ಮೀ. ಅದೇ 9ಕ್ಕೆ ತಿರುಗಿಸಿದ್ರೆ ನಾಲ್ಕೂವರೆ ಮಿ.ಮೀ. ಕೂಡ ಇಲ್ಲ. ಕತ್ತಲಲ್ಲಿ ಹುಡುಗರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತೆ, ನಮ್ಮ ವಯಸ್ಸಿನವರದು 5 ದಾಟೋದೇ ಕಷ್ಟ. ಅಂದ್ರೆ ದೊಡ್ಡದಾಗಿ ಕಾಣಲಿ ಅಂತ ತಿರುಗಿಸ್ತಾ ಹೋದಷ್ಟೂ ಕತ್ತಲೇ ಜಾಸ್ತಿ. ಅವತ್ತು ನಾವು ಮಾಡಿದ್ದೂ ಅದೇ ತಪ್ಪು. ಇನ್ನೊಂದು ವಿಚಾರ, ಒಂಬತ್ತರಲ್ಲಿಟ್ರೆ ನೂರು ಮೀಟರ್ ದೂರದಲ್ಲಿ ಕಾಣೋದು ಸುಮಾರು ನಾಲ್ಕು ಮೀಟರ್ ಅಗಲ ಅಷ್ಟೇ. ಪಕ್ಕದಲ್ಲಿ ಮನುಷ್ಯ ನಿಂತಿದ್ರೂ ಗೊತ್ತಾಗಲ್ಲ.

ಮಂಜಿಗಂತೂ ಮದ್ದೇ ಇಲ್ಲ. ಸ್ಕೋಪ್ ಹಂದಿಯನ್ನ ದೊಡ್ಡದು ಮಾಡೋ ಹಾಗೇ ಮಂಜನ್ನೂ ದೊಡ್ಡದು ಮಾಡುತ್ತೆ. ಟಾರ್ಚ್ ಬಿಟ್ರೆ ಇನ್ನೂ ಕಷ್ಟ, ಬೆಳಕು ಹನಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಬರುತ್ತೆ. ಮಂಜಲ್ಲಿ ಗಾಡಿ ಓಡಿಸೋವಾಗ ಹೈಬೀಮ್ ಹಾಕಿದ್ರೆ ಎದುರಿಗೆ ಬಿಳೀ ಗೋಡೆ ಕಾಣಲ್ವಾ, ಹಾಗೆ.

ಸೋಮವಾರಪೇಟೆ ಕಡೆ ನಮ್ಮ ಭಾವನ ಕಾಫಿ ತೋಟ ಇದೆ. ಸ್ಕೋಪ್ ಇರೋ ಪಾಯಿಂಟ್ ಟೂಟೂ ರೈಫಲ್ ಲೈಸೆನ್ಸ್ ಸಮೇತ ಇದೆ. ಕೇಳಿದ್ದಕ್ಕೆ ಅವರು ನಕ್ಕರು, "ಮಳೆಗಾಲ ಪೂರ್ತಿ ಸ್ಕೋಪ್ ಡಬ್ಬೀಲೇ ಇರುತ್ತೆ ಮಾರಾಯ, ನಾನು ನೋಡೋದು ಅದಕ್ಕೆ ಬೂಸ್ಟು ಬರದಂಗೆ ಅಷ್ಟೇ." ಕಂಬಳಿಯೊಳಗೆ ಮುಖ ಮುಚ್ಕೊಂಡು ಕೂತ್ರೆ ನಮ್ಮ ಉಸಿರೇ ಹಿಂದಿನ ಗಾಜಿಗೆ ಕೂತು ಮಸುಕಾಗುತ್ತಂತೆ. ಚಳೀಲಿದ್ದ ಸ್ಕೋಪ್‌ನ ಬೆಚ್ಚಗಿನ ಅಡುಗೆಮನೆಗೆ ತಂದ ತಕ್ಷಣ ಗಾಜೆಲ್ಲ ಬೆವರುತ್ತೆ. ಒಳ್ಳೇ ಸ್ಕೋಪಲ್ಲಿ ಒಳಗಡೆ ನೈಟ್ರೋಜನ್ ತುಂಬಿ ಸೀಲ್ ಮಾಡಿರ್ತಾರೆ, ಅಗ್ಗದ್ದರಲ್ಲಿ ಸೀಲ್ ಸರಿ ಇರಲ್ಲ, ಒಳಗೇ ತೇವ ಸೇರುತ್ತೆ, ಅದನ್ನ ಹೊರಗಿಂದ ಒರೆಸೋಕಾಗಲ್ಲ. ಮುಂದಿನ ಗಾಜಿಗೆ ಹನಿ ಬಿದ್ರೆ ಪಂಚೆ ಸೆರಗಲ್ಲಿ ಒರೆಸಬೇಡಿ, ಮಣ್ಣಿನ ಕಣ ಗೀರುತ್ತೆ, ಮೆತ್ತನೆ ಒಣ ಹತ್ತಿ ಬಟ್ಟೆ ಬೇಕು. ಇಷ್ಟೆಲ್ಲ ಮಾಡೋ ಹೊತ್ತಿಗೆ ಹಂದಿ ತಿಂದು ಮನೆಗೆ ಹೋಗಿರುತ್ತೆ ಅನ್ನೋದು ಭಾವನ ಮಾತು.

ನಮ್ಮಲ್ಲಿರೋ ಹಳೇ ಕೇಪಿನ ಕೋವಿಗೆ ಸ್ಕೋಪ್ ಹಾಕೋದು ಎತ್ತಿನಗಾಡಿಗೆ ಸ್ಪೀಡೋಮೀಟರ್ ಹಾಕಿದಂಗೆ. ಚರೆ ಹಾರಿಸೋ ನಳಿಗೆಗೆ ಮೂವತ್ತು ನಲವತ್ತು ಮೀಟರ್ ದಾಟಿದ್ರೆ ಗುರೀನೇ ಇಲ್ಲ. ಮಳೇಲಿ ಮದ್ದು ತೇವ ಆದ್ರೆ ಈಡು ಹಾರೋದೂ ಅನುಮಾನ, ಕೆಲವು ಸಲ ತಡವಾಗಿ ಹಾರುತ್ತೆ, ಅದು ಇನ್ನೂ ಅಪಾಯ. ರೈಫಲ್ ಇರೋರ ಕಥೆ ಬೇರೆ. ಗುಂಡು ಗುರಿ ತಪ್ಪಿದ್ರೆ ಎರಡು ಕಿಲೋಮೀಟರ್ ಮೇಲೆ ಹೋಗುತ್ತೆ. ನಿಮ್ಮ ಹೊಲದ ಹಿಂದೆ ಎರಡು ಕಿಲೋಮೀಟರಲ್ಲಿ ಏನಿದೆ ನೋಡ್ಕೊಳ್ಳಿ. ಹತ್ತು ವರ್ಷದ ಹಿಂದೆ ಕಾವಲು ಇತ್ತು, ಈಗ ಲೇಔಟು, ರಾತ್ರಿ ಹನ್ನೊಂದಕ್ಕೂ ಬೈಕಲ್ಲಿ ಊಟ ತಂದುಕೊಡೋ ಹುಡುಗರು ಓಡಾಡ್ತಿರ್ತಾರೆ.

ಕಾನೂನೂ ಒಂದು ಮಾತು. 1959ರ ಆಯುಧ ಕಾಯ್ದೆ ಪ್ರಕಾರ ಸಿಗೋದು ಕೋವಿ ಇಟ್ಕೊಳ್ಳೋ ಲೈಸೆನ್ಸ್, ಹಂದಿ ಹೊಡೆಯೋ ಪರ್ಮಿಷನ್ ಅಲ್ಲ. 1972ರ ವನ್ಯಜೀವಿ ಕಾಯ್ದೇಲಿ ಬೇಟೆ ನಿಷೇಧ. ಬೆಳೆಗೆ ಅಪಾಯ ಅಂತ ಖಾತ್ರಿಯಾದ್ರೆ 11ನೇ ಸೆಕ್ಷನ್ ಕೆಳಗೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರಹದಲ್ಲಿ ಆದೇಶ ಕೊಡಬೇಕು. ಕೇರಳದಲ್ಲಿ 2022ರಲ್ಲಿ ಆ ಅಧಿಕಾರ ಪಂಚಾಯ್ತಿ ಮಟ್ಟಕ್ಕೇ ಬಂತು. ನಮ್ಮಲ್ಲೂ ಬರಲಿ ಅನ್ನೋರಲ್ಲಿ ನಾನೂ ಒಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾಳೆ ಅಂಥ ಆದೇಶ ಬಂದು ಪ್ರತಿ ಊರಲ್ಲೂ ನಾಲ್ಕು ಕೋವಿ ಹೊಲಕ್ಕೆ ಇಳಿದ್ರೆ, ಕೊಪ್ಪೆ ಹಾಕ್ಕೊಂಡು ನೀರು ಬಿಡೋಕೆ ಹೋಗೋ ದೊಡ್ಡಪ್ಪಂದಿರ ಗತಿ ಏನು? ಮಲೆನಾಡಲ್ಲಿ, ಕೊಡಗಲ್ಲಿ ಹಂದಿ ಅಂದ್ಕೊಂಡು ಜೊತೇಲಿದ್ದವನಿಗೇ ಹೊಡೆದ ಸುದ್ದಿ ಆಗಾಗ ಪೇಪರಲ್ಲಿ ಓದಿಲ್ವಾ ನಾವು? ಅವರೇನೂ ಹೊಸಬರಲ್ಲ, ಕೋವಿ ಜೊತೇಲೇ ಬೆಳೆದ ಜನ.

ಮನುಷ್ಯನೇ ಅಲ್ಲದಿದ್ರೂ, ನಮ್ಮ ಕಡೆ ಕತ್ತಲಲ್ಲಿ ಅಲ್ಲಾಡೋದೆಲ್ಲ ಹಂದಿ ಅಲ್ಲ. 2022ರ ಕೊನೇಲಿ ತುರಹಳ್ಳಿ ಕಡೆ ಚಿರತೆ ಓಡಾಡಿದ್ದು ಮರೆತುಬಿಟ್ರಾ? ಬನ್ನೇರುಘಟ್ಟದಿಂದ ಸಾವನದುರ್ಗಕ್ಕೆ ಹೋಗೋ ಆನೇನೂ ಇದೇ ದಾರಿ ಹಿಡಿಯುತ್ತೆ. ಗಾಯ ಮಾಡಿಬಿಟ್ಟ ಚಿರತೆ ಇರೋ ಹೊಲಕ್ಕೆ ಬೆಳಗ್ಗೆ ಕಳೆ ಕೀಳೋಕೆ ಹೆಣ್ಣುಮಕ್ಕಳನ್ನ ಕಳಿಸ್ತೀರಾ? ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆ, 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಓದಿ ಬೆಳೆದೋರು ನಾವು, ನಮ್ಮ ಮಾಗಡಿ ರಸ್ತೆ ಹೆಸರೇ ಇದೆ ಅಂತ ಖುಷಿ ಬೇರೆ. ಅದು ಆ ಕಾಲ. ಅವತ್ತು ಇಲ್ಲಿ ಇಷ್ಟು ಮನೆ ಇರಲಿಲ್ಲ, ಬೇಟೆಗೆ ಈ ನಿಷೇಧಾನೂ ಇರಲಿಲ್ಲ.

ನೋಡಬೇಕು ಅನ್ನೋರು ಬೈನಾಕ್ಯುಲರ್ ತಗೊಳ್ಳಿ. ಕೋವಿ ಮೇಲಿನ ಸ್ಕೋಪಲ್ಲಿ ಏನು ನೋಡಿದ್ರೂ ನಳಿಗೆ ಅದರ ಕಡೆಗೇ ತಿರುಗಿರುತ್ತೆ, ಅದು ದೊಡ್ಡಪ್ಪ ಆದ್ರೂ ಅಷ್ಟೆ. ಬೈನಾಕ್ಯುಲರಲ್ಲಿ ತಪ್ಪು ಕಂಡ್ರೆ ನಾಚಿಕೆ ಮಾತ್ರ.

ಮೋಡ ಇನ್ನೂ ಬಿಟ್ಟಿಲ್ಲ. ನಾಳೆ ರಾತ್ರಿ ನಾನೂ ಅಕ್ಕನ ಮಗನೂ ಅಟ್ಟಣೇಲಿರ್ತೀವಿ, ಪಟಾಕಿ, ತಗಡಿನ ಡಬ್ಬ ಇಟ್ಕೊಂಡು. ನೀರು ಬಿಡೋಕೆ, ಮೋಟರ್ ನೋಡೋಕೆ ಬರೋರು ಮೊದಲು ಒಂದು ಫೋನ್ ಮಾಡಿ, ಟಾರ್ಚ್ ನೆಲಕ್ಕೆ ಬಿಟ್ಕೊಂಡು ಕೂಗ್ತಾ ಬನ್ನಿ. ದೊಡ್ಡಪ್ಪನಿಗೆ ಹಳದಿ ಬಣ್ಣದ ಒಂದು ರೇನ್‌ಕೋಟ್ ತಂದಿದೀನಿ, ಹಾಕ್ಕೊಳ್ತಾರೋ ಇಲ್ವೋ ನೋಡ್ಬೇಕು.