ಸರಿಯೋ ತಪ್ಪೋ?

ಸಾಮಾನ್ಯಜ್ಞಾನವನ್ನು ಅಳೆಯುವುದಕ್ಕೆ ಈ ಕಾಲದಲ್ಲಿ ಎಲ್ಲೆಲ್ಲಿಯೂ ಒಂದೇ ಮಾದರಿಯ ಕೊಳಗವು ಪ್ರಚಾರಕ್ಕೆ ಬಂದಿರುವುದನ್ನು ವಾಚಕರು ಬಲ್ಲರು. ಪರೀಕ್ಷಕನು ಒಂದು ಹೇಳಿಕೆಯನ್ನು ಮುಂದಿಡುತ್ತಾನೆ. ಅದು ಸರಿಯೆಂದೋ ತಪ್ಪೆಂದೋ ಪರೀಕ್ಷಾರ್ಥಿಯು ಗುರುತು ಹಾಕಬೇಕು. ಶಾಲೆಯ ಮಕ್ಕಳ ರಸಪ್ರಶ್ನೆಯಿಂದ ಮೊದಲು ಮಾಡಿ ಉಪವಿಭಾಗಾಧಿಕಾರಿ, ತಹಶೀಲದಾರರ ಹುದ್ದೆಗಳಿಗೆ ನಡೆಯುವ ಪರೀಕ್ಷೆಯವರೆಗೆ ಇದೇ ಪದ್ಧತಿ. ದೊಡ್ಡ ಪರೀಕ್ಷೆಗಳಲ್ಲಿ ಹೇಳಿಕೆಗಳು ಎರಡು ಮೂರು ಕೂಡಿ ಬರುತ್ತವೆ. ‘ಮೊದಲನೆಯದು ಮಾತ್ರ ಸರಿ, ಎರಡನೆಯದು ಮಾತ್ರ ಸರಿ, ಎರಡೂ ಸರಿ, ಎರಡೂ ತಪ್ಪು’ ಎಂದು ನಾಲ್ಕು ಬಾಗಿಲುಗಳನ್ನು ತೆರೆದಿಟ್ಟಿರುತ್ತಾರೆ. ರೂಪ ಬೇರೆಯಾದರೂ ಬೇರು ಅದೇ. ಸಾವಿರಾರು ತರುಣ ತರುಣಿಯರ ಅನ್ನದ ಪ್ರಶ್ನೆಯು ಇಂಥ ಒಂದೊಂದು ವಾಕ್ಯದ ಮೇಲೆ ನಿಂತಿರುವುದರಿಂದ, ಆ ವಾಕ್ಯಗಳನ್ನು ಕಟ್ಟುವವರ ಹೊಣೆ ಎಂಥದೆಂಬುದನ್ನು ಕುರಿತು ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಾವು ಭಾವಿಸಿದ್ದೇವೆ.

ಲಕಮನಹಳ್ಳಿಯ ವಾಚಕರೊಬ್ಬರು ನಮಗೆ ಬರೆದ ಕಾಗದವೇ ಇದಕ್ಕೆ ನಿಮಿತ್ತ. ಹೆಸರಿನಲ್ಲಿ ಹಳ್ಳಿಯನ್ನು ಉಳಿಸಿಕೊಂಡು, ಇಂದು ಕೈಗಾರಿಕಾ ಪ್ರದೇಶವೆಂದು ಪ್ರಸಿದ್ಧವಾದ ಊರು ಅದು. ಈ ಗೃಹಸ್ಥರ ಮಗನು ಅಲ್ಲಿಯೇ ಒಂದು ಕಾರಖಾನೆಯಲ್ಲಿ ದುಡಿದು, ಸಂಜೆ ಸಪ್ತಾಪುರದ ಕಡೆಗೆ ಪರೀಕ್ಷೆಯ ಪಾಠಕ್ಕೆ ಹೋಗುತ್ತಾನೆ. ಅಭ್ಯಾಸದ ಪತ್ರಿಕೆಯೊಂದರಲ್ಲಿ ‘ಜಗತ್ತಿನ ಅತ್ಯಂತ ಉದ್ದವಾದ ರೈಲ್ವೆ ಪ್ಲಾಟಫಾರ್ಮು ಗೋರಖಪುರದಲ್ಲಿದೆ’ ಎಂಬ ಹೇಳಿಕೆ ಬಂದಿತು. ಹುಡುಗನು ತಪ್ಪೆಂದು ಗುರುತು ಹಾಕಿದ, ಉತ್ತರಸೂಚಿಯು ಸರಿಯೆಂದು ಹೇಳಿತು, ಅಂಕ ಹೋಯಿತು. ಗೋರಖಪುರದ ಪ್ಲಾಟಫಾರ್ಮು 1,366 ಮೀಟರು. ನಮ್ಮ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟಫಾರ್ಮು 1,507 ಮೀಟರು. 2023 ರ ಮಾರ್ಚ 12 ರಂದು ಪ್ರಧಾನಮಂತ್ರಿಗಳು ಧಾರವಾಡಕ್ಕೆ ಬಂದಾಗ ಅದನ್ನು ಲೋಕಾರ್ಪಣ ಮಾಡಿದರು. ಹುಡುಗನು ಅದೇ ಪ್ಲಾಟಫಾರ್ಮಿನ ಮೇಲೆ ಗಾಡಿ ಹತ್ತಿದವನು. ಕಣ್ಣಾರೆ ಕಂಡದ್ದು ತಪ್ಪಾಗಿ, ಹಳೆಯ ಮಾರ್ಗದರ್ಶಿಯಿಂದ ನಕಲು ಇಳಿಸಿದ್ದು ಸರಿಯಾಯಿತು. ‘ಮುಂದೆ ಇಂಥಲ್ಲಿ ಏನು ಬರೆಯಬೇಕು, ನಿಜವನ್ನೋ ಸೂಚಿಯನ್ನೋ?’ ಎಂದು ತಂದೆಯವರು ಕೇಳಿದ್ದಾರೆ.

ಅಭ್ಯಾಸದ ಪತ್ರಿಕೆಯೆಂದು ಇದನ್ನು ನಕ್ಕು ಬಿಡಬಹುದು. ಆದರೆ ಪ್ರಶ್ನೆಯು ನಕ್ಕು ಬಿಡುವಂಥದಲ್ಲ. ಸಂಗತಿಗಳಿಗೂ ಆಯುಷ್ಯವುಂಟು. ಸೂರ್ಯನಿಗೆ ಒಂಬತ್ತು ಗ್ರಹಗಳೆಂಬುದು 2006 ರ ಆಗಸ್ಟ 24 ರವರೆಗೆ ಸರಿ. ಆ ದಿನ ಜ್ಯೋತಿರ್ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವು ಪ್ಲೂಟೋವನ್ನು ಪಂಕ್ತಿಯಿಂದ ಎಬ್ಬಿಸಿದ ಮೇಲೆ ತಪ್ಪು. ಇನ್ನು ‘1956 ರ ನವೆಂಬರ 1 ರಂದು ಕರ್ನಾಟಕ ರಾಜ್ಯವು ಉದಯಿಸಿತು’ ಎಂಬ ಹೇಳಿಕೆಯನ್ನು ತೆಗೆದುಕೊಳ್ಳೋಣ. ಆ ದಿನ ಮುಂಬಯಿ, ಹೈದರಾಬಾದ, ಮದ್ರಾಸು, ಕೊಡಗುಗಳ ಕನ್ನಡ ಭಾಗಗಳು ಮೈಸೂರಿನೊಡನೆ ಕೂಡಿ ಒಂದು ರಾಜ್ಯವಾದುದು ದಿಟ. ಆದರೆ ಆ ರಾಜ್ಯದ ಹೆಸರು ಮೈಸೂರೆಂದೇ ಇತ್ತು. ಕರ್ನಾಟಕವೆಂಬ ಹೆಸರು ಬಂದುದು 1973 ರ ನವೆಂಬರ 1 ರಂದು. ಏನೂ ತಿಳಿಯದವನು ಹಿಂದುಮುಂದು ನೋಡದೆ ‘ಸರಿ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾನೆ. ಎರಡೂ ವರುಷಗಳನ್ನು ಬಲ್ಲವನು ಪರೀಕ್ಷಕನು ಕೇಳುತ್ತಿರುವುದು ನಾಡನ್ನೋ ಹೆಸರನ್ನೋ ಎಂದು ತೂಗುತ್ತ ಕುಳಿತು ಹೊತ್ತು ಕಳೆಯುತ್ತಾನೆ. ಬಲ್ಲವನಿಗೇ ಕಂಟಕವಾಗುವ ಪ್ರಶ್ನೆಯು ಜ್ಞಾನವನ್ನು ಅಳೆಯಿತೆಂದು ಹೇಗೆ ಹೇಳೋಣ? ನಮ್ಮ ನಾಡಿನಲ್ಲಿ ಬಹುಕಾಲ ಮೆರೆದ ಜೈನ ತಾರ್ಕಿಕರು ಒಂದೇ ವಸ್ತುವನ್ನು ಕುರಿತು ‘ಒಂದು ರೀತಿಯಿಂದ ಉಂಟು, ಒಂದು ರೀತಿಯಿಂದ ಇಲ್ಲ’ ಎಂದು ಏಳು ಬಗೆಯಾಗಿ ಹೇಳಬಹುದೆಂದು ಸಾಧಿಸಿದರು. ಆ ಪಂಡಿತರು ಇಂದಿನ ಪೂರ್ವಭಾವಿ ಪರೀಕ್ಷೆಗೆ ಕುಳಿತಿದ್ದರೆ ನಾಲ್ಕು ಬಾಗಿಲು ಸಾಲದೆ ಹೊರಗೇ ಉಳಿಯುತ್ತಿದ್ದರೋ ಏನೋ!

ಇಷ್ಟು ಹೇಳಿದ ಮಾತ್ರಕ್ಕೆ ಈ ಪದ್ಧತಿಯನ್ನೇ ಕಿತ್ತೊಗೆಯಬೇಕೆಂಬುದು ನಮ್ಮ ಮತವಲ್ಲ. ಲಕ್ಷಾವಧಿ ಜನರು ಕುಳಿತ ಪರೀಕ್ಷೆಯಲ್ಲಿ ಪರೀಕ್ಷಕನ ಲಹರಿಗೂ ಶಿಫಾರಸಿಗೂ ಎಡೆಗೊಡದೆ ಎಲ್ಲರನ್ನೂ ಒಂದೇ ಗಜದಿಂದ ಅಳೆಯುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ಬೇರೆ ಕಾಣುವುದಿಲ್ಲ. ಅದಲ್ಲದೆ, ಚೆನ್ನಾಗಿ ಕಟ್ಟಿದ ಒಂದು ಹೇಳಿಕೆಯು ಒಂದು ಪಾಠಕ್ಕೆ ಸಮನಾಗಬಲ್ಲದು. ‘ಧಾರವಾಡದಲ್ಲಿ ಬಿದ್ದ ಮಳೆಯ ನೀರೆಲ್ಲವೂ ಬಂಗಾಲ ಉಪಸಾಗರವನ್ನು ಸೇರುತ್ತದೆ’ ಎಂದು ಕೇಳಿ ನೋಡಿರಿ. ಇದಕ್ಕೆ ಉತ್ತರ ಕೊಡಬೇಕಾದವನು ಊರು ಕುಳಿತಿರುವ ದಿಣ್ಣೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಪೂರ್ವಕ್ಕೆ ಇಳಿದ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳಿಂದ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಲ ಉಪಸಾಗರಕ್ಕೆ ಹೋಗುತ್ತದೆ. ಸೋಮೇಶ್ವರದ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯಾದರೋ ಪಡುವಣದ ಹಾದಿ ಹಿಡಿದು ಬೇಡ್ತಿಯನ್ನು ಕೂಡಿ, ಮಾಗೋಡದಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಒಂದೇ ಊರಿನ ಮಳೆ ಎರಡು ಕಡಲುಗಳಿಗೆ ಹಂಚಿಹೋಗುವ ಈ ಸೋಜಿಗವನ್ನು ಅರಿತವನೇ ‘ತಪ್ಪು’ ಎಂದು ಧೈರ್ಯದಿಂದ ಗುರುತು ಹಾಕಿಯಾನು. ಹೇಳಿಕೆಯಲ್ಲಿ ಸಂದಿಗ್ಧವಿಲ್ಲ, ಉರುಹೊಡೆದವನಿಗೆ ಲಾಭವಿಲ್ಲ. ಇಂಥವನ್ನು ಕಟ್ಟುವುದಕ್ಕೆ ವಿಷಯವನ್ನೂ ಬಲ್ಲ, ಭಾಷೆಯನ್ನೂ ಬಲ್ಲ ಮನುಷ್ಯ ಬೇಕು.

ಭಾಷೆಯ ಮಾತಿಗೆ ಬರೋಣ; ನಮ್ಮ ಮುಖ್ಯ ತಕರಾರು ಇಲ್ಲಿಯೇ ಇದೆ. ಮೇಲಿನ ಹೇಳಿಕೆಯನ್ನೇ ಯಾರಾದರೊಬ್ಬರು ಮೊದಲು ಇಂಗ್ಲಿಷಿನಲ್ಲಿ ಕಟ್ಟಿ, ಶಬ್ದಕ್ಕೆ ಶಬ್ದವಿಟ್ಟು ಕನ್ನಡಕ್ಕೆ ಇಳಿಸಿದರೆಂದು ಇಟ್ಟುಕೊಳ್ಳೋಣ. ‘ಧಾರವಾಡದ ಎಲ್ಲ ಹಳ್ಳಗಳೂ ಪೂರ್ವಕ್ಕೆ ಹರಿಯುವುದಿಲ್ಲ’ ಎಂದಾದೀತು. ಒಂದು ಹಳ್ಳವೂ ಪೂರ್ವಕ್ಕೆ ಹರಿಯುವುದಿಲ್ಲವೆಂದು ಅರ್ಥಮಾಡಿದರೆ ಹೇಳಿಕೆಯು ತಪ್ಪು. ಹರಿಯುವವು ಕೆಲವು, ಹರಿಯದವು ಕೆಲವು ಎಂದು ಅರ್ಥಮಾಡಿದರೆ ಸರಿ. ಒಂದೇ ವಾಕ್ಯ, ಎರಡು ಉತ್ತರ. ಇನ್ನು ‘ಮಾತ್ರ’ ಎಂಬ ಎರಡಕ್ಷರದ ಶಬ್ದದ ಮಹಿಮೆಯನ್ನು ನೋಡಿರಿ. ‘ಧನ ವಿಧೇಯಕವನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು’ ಎಂಬುದು ರಾಜ್ಯಘಟನೆಗೆ ಒಪ್ಪುವ ಮಾತು. ಅದೇ ‘ಮಾತ್ರ’ವನ್ನು ಒಂದು ಹೆಜ್ಜೆ ಸರಿಸಿ ‘ಲೋಕಸಭೆಯಲ್ಲಿ ಧನ ವಿಧೇಯಕವನ್ನು ಮಾತ್ರ ಮಂಡಿಸಬಹುದು’ ಎಂದರೆ ಶುದ್ಧ ಸುಳ್ಳಾಯಿತು. ಕತೆ ಕಾದಂಬರಿಗಳ ಭಾಷಾಂತರದಲ್ಲಿ ಇಂಥ ಎಡವು ರಸಭಂಗವನ್ನಷ್ಟೇ ಮಾಡೀತು. ಸರಿತಪ್ಪಿನ ಪರೀಕ್ಷೆಯಲ್ಲಿ ಅದು ಸರಿಯನ್ನು ತಪ್ಪು ಮಾಡುತ್ತದೆ, ತಪ್ಪನ್ನು ಸರಿ ಮಾಡುತ್ತದೆ.

ಇದು ನಮ್ಮ ಕಲ್ಪನೆಯ ಭಯವೆಂದು ಯಾರೂ ತಿಳಿಯಬಾರದು. ಕರ್ನಾಟಕ ಲೋಕಸೇವಾ ಆಯೋಗದವರು 384 ಗೆಜೆಟೆಡ್ ಪ್ರೊಬೇಷನರ ಹುದ್ದೆಗಳಿಗಾಗಿ 2024 ರ ಆಗಸ್ಟ 27 ರಂದು ಪೂರ್ವಭಾವಿ ಪರೀಕ್ಷೆಯನ್ನು ನಡೆಸಿದರು. ಅರ್ಜಿ ಹಾಕಿದವರು ಎರಡು ಲಕ್ಷಕ್ಕೂ ಮಿಕ್ಕಿದವರು. ಕನ್ನಡದ ಪ್ರಶ್ನೆಗಳು ಅರ್ಥಗೆಟ್ಟು, ಇಂಗ್ಲಿಷಿನ ಪಾಠವನ್ನು ನೋಡದೆ ತಿಳಿಯುವಂತಿರಲಿಲ್ಲವೆಂದು ನಾಡಿನ ಎಲ್ಲ ಕಡೆಗಳಿಂದ ಕೂಗೆದ್ದಿತು. ಸೆಪ್ಟೆಂಬರದ ಆರಂಭದಲ್ಲಿ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ಎರಡು ತಿಂಗಳಲ್ಲಿ ಮರುಪರೀಕ್ಷೆಯನ್ನು ನಡೆಸಬೇಕೆಂದು ಆಜ್ಞಾಪಿಸಿದರು. ಮರುಪರೀಕ್ಷೆಯು ಡಿಸೆಂಬರ 29 ರಂದು ನಡೆಯಿತು. ಒಮ್ಮೆ ಬೆಂಕಿಗೆ ಕೈಯಿಟ್ಟವರು ಎರಡನೆಯ ಸಲ ಎಚ್ಚರವಾಗಿರುವರೆಂದು ಜನರು ನಂಬಿದ್ದರು. ಅಂದು ಕೈಗೆ ಬಂದ ಪತ್ರಿಕೆಯಲ್ಲಿಯೂ ಕನ್ನಡದ ತಪ್ಪುಗಳು ಕಾಣಿಸಿಕೊಂಡವು! ಪರೀಕ್ಷಾರ್ಥಿಗಳು ಬೆಂಗಳೂರಿನ ಫ್ರೀಡಮ್ ಪಾರ್ಕಿನಲ್ಲಿ ಕುಳಿತರು, ನ್ಯಾಯಾಸನಗಳ ಕಟ್ಟೆ ಹತ್ತಿದರು. ಮೂರನೆಯ ಪೂರ್ವಭಾವಿ ಪರೀಕ್ಷೆಯಂತೂ ನಡೆಯಲಿಲ್ಲ. 2025 ರ ಮೇ ತಿಂಗಳಲ್ಲಿ ಮುಖ್ಯ ಪರೀಕ್ಷೆಯು ನಡೆದುಹೋಯಿತು.

ಇದರಿಂದ ನಷ್ಟವಾದುದು ಯಾರಿಗೆ? ಇಂಗ್ಲಿಷ ಶಾಲೆಯಲ್ಲಿ ಓದಿದವನು ಕನ್ನಡದ ಕಡೆಗೆ ಕಣ್ಣು ಹಾಯಿಸದೆ ಉತ್ತರ ಬರೆದು ಎದ್ದ. ನರಗುಂದ, ನವಲಗುಂದ, ಮುಂಡರಗಿಗಳ ಸರಕಾರಿ ಶಾಲೆಗಳಲ್ಲಿ ಕನ್ನಡದಲ್ಲಿಯೇ ವಿಷಯವನ್ನು ಕಲಿತು, ಧಾರವಾಡದ ಬಾಡಿಗೆಯ ಕೋಣೆಯಲ್ಲಿ ವರುಷಗಟ್ಟಲೆ ದೀಪ ಸುಟ್ಟವನು ಪ್ರತಿಯೊಂದು ಪ್ರಶ್ನೆಯನ್ನೂ ಎರಡು ಸಲ ಓದಿದ: ಅರ್ಥಕ್ಕಾಗಿ ಒಮ್ಮೆ, ಅನುಮಾನಕ್ಕಾಗಿ ಇನ್ನೊಮ್ಮೆ. ಗಡಿಯಾರವು ಇಬ್ಬರಿಗೂ ಒಂದೇ ವೇಗದಲ್ಲಿ ಓಡಿತು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯೊಂದು ಬೇರೆ. ಕೇಂದ್ರ ಲೋಕಸೇವಾ ಆಯೋಗದವರು ಒಂದು ತಪ್ಪಿಗೆ ಮೂರನೆಯ ಒಂದಂಶವನ್ನು ಕಳೆಯುತ್ತಾರೆ. ಇದರ ಲೆಕ್ಕವು ನ್ಯಾಯವಾದುದೇ: ನಾಲ್ಕು ಉತ್ತರಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಹಿಡಿಯುವವನಿಗೆ ನೂರರಲ್ಲಿ ಇಪ್ಪತ್ತೈದು ಸರಿಯಾಗುವ ಸಂಭವ, ಉಳಿದ ಎಪ್ಪತ್ತೈದರ ಮೂರನೆಯ ಒಂದಂಶವೆಂದರೆ ಇಪ್ಪತ್ತೈದು. ಬಂದದ್ದು ಹೋದದ್ದು ಸಮನಾಗಿ ಜೂಜಿನ ಗಳಿಕೆ ಸೊನ್ನೆಯಾಗುತ್ತದೆ. ಬರೇ ಸರಿತಪ್ಪಿನ ಪತ್ರಿಕೆಯಾದರೆ ಕುರುಡು ಊಹೆಗೇ ಐವತ್ತು ಬರುತ್ತವೆಂಬುದರಿಂದಲೇ ದೊಡ್ಡ ಪರೀಕ್ಷೆಯವರು ಹೇಳಿಕೆಗಳನ್ನು ಜೋಡಿಸುವ ಉಪಾಯವನ್ನು ಕಂಡುಕೊಂಡರು. ಆದರೆ ಊಹೆಗಾರನಿಗೆಂದು ಇಟ್ಟ ಈ ದಂಡವು ಭಾಷಾಂತರಕಾರನ ಅಪರಾಧಕ್ಕಾಗಿ ಕನ್ನಡದ ಹುಡುಗನ ಮೇಲೆ ಬೀಳುವುದು ಯಾವ ನ್ಯಾಯ? ಅವನಿಗೆ ಅಂಕವು ಸಿಕ್ಕದೆ ಹೋಗುವುದಷ್ಟೇ ಅಲ್ಲ, ಗಳಿಸಿದ್ದೂ ಕೈಬಿಡುತ್ತದೆ.

1963 ರ ರಾಜ್ಯಭಾಷಾ ಕಾಯಿದೆಯ ಪ್ರಕಾರ ಕನ್ನಡವು ಈ ರಾಜ್ಯದ ಆಡಳಿತಭಾಷೆ. ಈ ಪರೀಕ್ಷೆಯಿಂದ ಆರಿಸಿಬಂದವರು ನಾಳೆ ರೈತನ ತಕರಾರು ಅರ್ಜಿಯನ್ನು ಕನ್ನಡದಲ್ಲಿ ಓದಿ ಕನ್ನಡದಲ್ಲಿ ತೀರ್ಪು ಬರೆಯಬೇಕಾದವರು. ಅಂಥವರನ್ನು ಆರಿಸುವ ಪತ್ರಿಕೆಯಲ್ಲಿ ಕನ್ನಡವು ಇಂಗ್ಲಿಷಿನ ಸೆರಗು ಹಿಡಿದುಕೊಂಡು ಬರುವುದು ವಿಪರೀತವೇ ಸರಿ. ಶಾಸ್ತ್ರವಿಷಯಗಳಿಗೆ ಕನ್ನಡದಲ್ಲಿ ಶಬ್ದಗಳಿಲ್ಲವೆಂಬ ನೆಪವನ್ನಂತೂ ಧಾರವಾಡದಲ್ಲಿ ನಿಂತು ಯಾರೂ ಹೇಳಬಾರದು. ಈ ಊರಿನಲ್ಲಿ ವಾಸಿಸಿ ಕನ್ನಡವನ್ನು ಅಭ್ಯಾಸಮಾಡಿದ ಕಿಟ್ಟೆಲರ ಕೋಶವು 1894 ರಲ್ಲಿಯೇ ಅಚ್ಚಾಯಿತು. ಅದಕ್ಕಿಂತ ನಾಲ್ಕು ವರುಷ ಮೊದಲು, 1890 ರ ಜುಲೈ 20 ರಂದು, ಶ್ರೀ ರಾ. ಹ. ದೇಶಪಾಂಡೆಯವರ ಮುಂದಾಳುತನದಿಂದ ವಿದ್ಯಾವರ್ಧಕ ಸಂಘವು ಹುಟ್ಟಿದುದೇ ಕನ್ನಡದಲ್ಲಿ ಗ್ರಂಥಗಳು ಆಗಬೇಕೆಂದು. ಆ ಕಾಲದಲ್ಲಿ ಹಿರಿಯರು ಕೈಯಿಂದ ವೆಚ್ಚಮಾಡಿ ನಡೆಸಿದ ಕಾರ್ಯವನ್ನು, ಸಕಲ ಸಾಧನಗಳುಳ್ಳ ಆಯೋಗವು ಇನ್ನೂರು ಪ್ರಶ್ನೆಗಳ ಮಟ್ಟಿಗಾದರೂ ನಡೆಸಲಾರದೆ?

ಮಾಡಬೇಕಾದುದು ಬೆಟ್ಟವನ್ನು ಕೀಳುವ ಕೆಲಸವಲ್ಲ. ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಕಟ್ಟಿಸಿರಿ. ಅದರಿಂದ ಇಂಗ್ಲಿಷಿಗೆ ತೆಗೆಯಿರಿ. ಇಂಗ್ಲಿಷ ಪಾಠವನ್ನು ಕಂಡೇ ಇಲ್ಲದ ಒಬ್ಬ ವಿದ್ವಾಂಸನ ಮುಂದೆ ಕನ್ನಡದ ಪಾಠವನ್ನಷ್ಟೇ ಇಟ್ಟು ಉತ್ತರ ಬರೆಯಿಸಿರಿ; ಸೂಚಿಯ ಉತ್ತರವೂ ಅವನ ಉತ್ತರವೂ ಎಲ್ಲಿ ಬೇರೆಯಾಗುವವೋ ಆ ಪ್ರಶ್ನೆಯನ್ನು ಅಲ್ಲಿಯೇ ತೆಗೆದುಬಿಡಿರಿ. ಗುಟ್ಟು ಹೊರಬೀಳುವುದೆಂಬ ಆಕ್ಷೇಪಣೆಯನ್ನು ಆಯೋಗದವರು ತೆಗೆದಾರು. ಪ್ರಶ್ನೆ ಕಟ್ಟುವವರನ್ನೂ ಭಾಷಾಂತರಿಸುವವರನ್ನೂ ಅಚ್ಚುಹಾಕುವವರನ್ನೂ ನಂಬಿದವರು, ಪ್ರಮಾಣಬದ್ಧನಾದ ಇನ್ನೊಬ್ಬ ಓದುಗನನ್ನು ನಂಬಲಾರರೆಂದರೆ ನಾವು ಒಪ್ಪುವುದಿಲ್ಲ. ಅಂತೆಯೇ ಉತ್ತರಸೂಚಿಯನ್ನು ಪ್ರಕಟಿಸುವಾಗ ಬರೇ ಅಂಕೆಗಳ ಪಟ್ಟಿಯನ್ನು ಕೊಡದೆ, ಪ್ರತಿಯೊಂದು ಹೇಳಿಕೆಯೂ ಯಾವ ಕಾರಣದಿಂದ ಸರಿ ಅಥವಾ ತಪ್ಪೆಂಬುದನ್ನು ಒಂದೊಂದು ಸಾಲಿನಲ್ಲಿ ತಿಳಿಸತಕ್ಕದ್ದು. ಕಾರಣ ಬರೆಯಬೇಕಾದೀತೆಂಬ ಅಳುಕು ಇದ್ದರೆ ಸಂದಿಗ್ಧವಾದ ಹೇಳಿಕೆಗಳು ಕಟ್ಟುವವನ ಲೇಖನಿಯಲ್ಲಿಯೇ ಉಳಿದುಹೋಗುವವು. ಮಾರ್ಗದರ್ಶಿಗಳನ್ನು ಅಚ್ಚುಹಾಕಿ ಮಾರುವವರಿಗೂ ಇದೇ ಮಾತು. ವರುಷವರುಷವೂ ಮುಖಪುಟದ ಮೇಲಿನ ಇಸವಿಯನ್ನು ಬದಲಿಸುವವರು ಒಳಗಿನ ಪುಟಗಳನ್ನೂ ಒಮ್ಮೆ ತಿರುವಿ ನೋಡಲಿ.

ವಿದ್ಯಾವರ್ಧಕ ಸಂಘವೂ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠವೂ ನಮ್ಮ ಊರಿನಲ್ಲಿಯೇ ಇವೆ. ಕನ್ನಡದ ಒಂದು ವಾಕ್ಯವು ಎಷ್ಟು ಅರ್ಥ ಕೊಡುತ್ತದೆಂದು ಹೇಳಬಲ್ಲವರು ಅಲ್ಲಿ ಬೇಕಾದಷ್ಟು ಜನರಿದ್ದಾರೆ. ಮುಂದಿನ ಪರೀಕ್ಷೆಯ ಪ್ರಕಟಣೆಯು ಹೊರಡುವ ಮೊದಲು ಆಯೋಗದವರು ಅವರನ್ನು ಕರೆದು ಕೇಳಲಿ. ಪ್ರಶ್ನೆಗಳು ಮೊದಲು ಯಾವ ಭಾಷೆಯಲ್ಲಿ ಬರೆಯಲ್ಪಡುವವೆಂಬುದನ್ನು ಆ ಪ್ರಕಟಣೆಯಲ್ಲಿಯೇ ಸ್ಪಷ್ಟವಾಗಿ ನಮೂದಿಸಲಿ.